ಸಂತೇಬೆನ್ನೂರಲ್ಲಿ ರಿಪೇರಿಯಾಗೋ ಸೈಕಲ್ಲೇ ಒಳ್ಳೇ ಸೈಕಲ್

ಹಾಸ್ಟೆಲ್ ಸೈಕಲ್ ಸ್ಟ್ಯಾಂಡಿಗೆ ಒಮ್ಮೆ ಹೋಗಿ ನೋಡಿ. ಚಂದದ ಗೇರ್ ಸೈಕಲ್‌ಗಳು ಧೂಳು ಹಿಡಿದು ನಿಂತಿವೆ. ಯಾವುದೋ ಒಂದು ಪಾರ್ಟ್ ಹೋಗಿರುತ್ತೆ, ಅದು ಇಲ್ಲಿ ಸಿಗಲ್ಲ. ಕೊಟ್ಟ ಸಾವಿರಾರು ರೂಪಾಯಿ ಅಲ್ಲೇ ತುಕ್ಕು ಹಿಡೀತಿದೆ.

ದಿನಾ ಕ್ಲಾಸಿಗೂ, ರಜೆಯಲ್ಲಿ ಟೂರಿಗೂ ಒಂದೇ ಸೈಕಲ್ ಬೇಕು ಅನ್ನೋರಿಗೆ ನಾನು ಹೇಳೋದಿಷ್ಟೇ: ತೂಕ, ಬ್ರ್ಯಾಂಡ್ ಎಲ್ಲ ಆಮೇಲೆ, ರಿಪೇರಿ ಮೊದಲು. ನಮ್ಮೂರು ಚನ್ನಗಿರಿ. ಅಲ್ಲಿಂದ ಹೊರಟು ಸೂಳೆಕೆರೆ ಏರಿ ಮೇಲೆ ಇದು ಕೆಟ್ಟರೆ, ಸಂತೇಬೆನ್ನೂರಿನ ಸೈಕಲ್ ಶಾಪಲ್ಲಿ ಸರಿ ಆಗುತ್ತಾ? ಪ್ರತಿ ಪಾರ್ಟಿಗೂ ನನ್ನ ಪರೀಕ್ಷೆ ಇದೇ. ನಿಮ್ಮೂರಿನ ಹೆಸರು ನೀವು ಹಾಕ್ಕೊಳ್ಳಿ.

ಮೊದಲು ಚಕ್ರ. ‘28 ಇಂಚು’ ಅನ್ನೋ ಹೆಸರು ನಂಬಬೇಡಿ. ಅಜ್ಜನ ಕಾಲದ ಕರಿ ಸೈಕಲ್ಲಿನ ರಿಮ್ ಅಳತೆ 635 ಮಿ.ಮೀ., ಈಗಿನ ಹೈಬ್ರಿಡ್‌ನದು 622. ಎರಡಕ್ಕೂ 28 ಅಂತಲೇ ಹೆಸರು, ಆದರೆ ಒಂದರ ಟಯರ್ ಇನ್ನೊಂದಕ್ಕೆ ಕೂರಲ್ಲ. ನನ್ನ ಓಟು 26 ಇಂಚಿನ ಎಂಟಿಬಿ ಚಕ್ರಕ್ಕೆ, ಅಂದರೆ 559. ಅಗ್ಗದ ಎಂಟಿಬಿಗಳಲ್ಲಿ ಹೆಚ್ಚಾಗಿ ಇರೋದು ಇದೇ. ಕಡ್ಡಿ 36 ಇರಲಿ. ಲಗೇಜ್ ಹೊತ್ತಾಗ ಒಂದು ಮುರಿದರೂ ಉಳಿದ 35 ಊರು ಮುಟ್ಟಿಸುತ್ತವೆ.

ಗೇರ್ ಹಿಂದೆ 7 ಅಥವಾ 8 ಸಾಕು. 6, 7, 8 ಸ್ಪೀಡಿಗೆ ಒಂದೇ ಅಳತೆಯ ಚೈನ್ ನಡೆಯುತ್ತೆ. 11, 12 ಸ್ಪೀಡಿಗೆ ಅದಕ್ಕಿಂತ ಸಪೂರದ್ದು ಬೇಕು. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ 2.4 ಸುತ್ತು. ಮುಂದೆ 28, ಹಿಂದೆ 34 ಇದ್ದರೆ 0.8. ಲಗೇಜ್ ಸಮೇತ ಘಾಟಿ ಹತ್ತಿಸೋದು ಈ 0.8.

ಬ್ರೇಕ್ ವಿಷಯದಲ್ಲಿ ಜಗಳ ಇದೆ. ಮಳೇಲಿ ಚಾರ್ಮಾಡಿ ಇಳಿಯೋವಾಗ ಹೈಡ್ರಾಲಿಕ್ ಡಿಸ್ಕ್ ಚೆನ್ನಾಗಿ ಹಿಡಿಯುತ್ತೆ, ಒಪ್ಪಿದೆ. ಆದರೆ ಎಣ್ಣೆ ಸೋರಿದರೆ ದಾರೀಲಿ ತುಂಬೋರು ಯಾರು? ವೈರ್ ಎಳೆಯೋ ಡಿಸ್ಕ್ ತಗೊಳ್ಳಿ. ಸ್ಪೇರ್ ವೈರ್ ಜೇಬಲ್ಲೇ ಹಿಡಿಸುತ್ತೆ. ಫ್ರೇಮ್ ಸ್ಟೀಲಿನದಿರಲಿ, ಕ್ಯಾರಿಯರ್‌ಗೂ ಮಡ್‌ಗಾರ್ಡ್‌ಗೂ ಬೋಲ್ಟ್ ಹಾಕೋ ತೂತು ಇರಲಿ.

2006-07ರಿಂದ ಸರ್ಕಾರಿ, ಅನುದಾನಿತ ಶಾಲೆಗಳ 8ನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡ್ತಿತ್ತಲ್ಲ, ಅದಕ್ಕೆ ಗೇರೂ ಇಲ್ಲ, ಡಿಸ್ಕೂ ಇಲ್ಲ. ಖಾಸಗಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದು ಸಿಗಲಿಲ್ಲ. ಮಗಳ ಸ್ಕೂಲ್ ಮುಗಿದ ಮೇಲೂ ಅದೇ ಸೈಕಲ್ಲಲ್ಲಿ ಅಡಿಕೆ ತೋಟಕ್ಕೆ ಹೋಗೋ ಅಪ್ಪಂದಿರನ್ನ ಊರಲ್ಲಿ ನೋಡಿದ್ದೀನಿ. ಸ್ಟ್ಯಾಂಡರ್ಡ್ ಪಾರ್ಟ್ ಬಳಸಬೇಕು ಅಂತ ನಾವು ಪರೀಕ್ಷೇಲಿ ಬರೀತೀವಿ. ಅವರು ಬಳಸ್ತಿದ್ದಾರೆ.