ಹೂಬಿಟ್ಟ ಪೈರಿಗೆ ಮೊದಲ ನೀರು

ಕೆರೆಯ ನೀರು ಸಾಲದೆ ಬಂದ ವರ್ಷಗಳಲ್ಲಿ, ತೂಬಿನ ಹತ್ತಿರದ ಗದ್ದೆಯಿಂದ ಕೊನೆಯ ಗದ್ದೆಯವರೆಗೆ ಸರದಿಯನ್ನು ನಡೆಸುವುದು ಅನೇಕ ಗ್ರಾಮಗಳ ವಾಡಿಕೆಯಾಗಿದೆ. ಈ ವಾಡಿಕೆಯು ನ್ಯಾಯವಾಗಿಯೇ ತೋರುವುದಾದರೂ, ಪೈರಿನ ಆಯುಸ್ಸಿನಲ್ಲಿ ಎಲ್ಲಾ ದಿನಗಳಿಗೂ ಒಂದೇ ಬೆಲೆಯಿಲ್ಲವೆಂಬ ಸಂಗತಿಯನ್ನು ಅದು ಲಕ್ಷಿಸುವುದಿಲ್ಲ. ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಪರ್ಯಾಲೋಚಿಸುವುದು ಅವಶ್ಯಕ.

ಹೂವಿನ ಪರಾಗವು ಜೀವವುಳ್ಳ ವಸ್ತು. ಅದರ ಆಯುಸ್ಸು ಗಿಡದಿಂದ ಗಿಡಕ್ಕೆ ಭೇದಿಸುವುದು. ಅರಬ್ಬರ ನಾಡುಗಳಲ್ಲಿ ಖರ್ಜೂರದ ಪರಾಗವನ್ನು ಒಣಗಿಸಿ, ತಂಪಾದೆಡೆಯಲ್ಲಿ ಜೋಪಾನ ಮಾಡಿ, ಮುಂದಿನ ವರ್ಷದ ಹೂವಿಗೆ ಉಪಯೋಗಿಸುವುದುಂಟು. ಹುಲ್ಲಿನ ಜಾತಿಗೆ ಸೇರಿದ ನಮ್ಮ ಧಾನ್ಯಗಳಿಗೆ ಈ ಭಾಗ್ಯವಿಲ್ಲ. ಬತ್ತದ ಪರಾಗವು ಕೋಶದಿಂದ ಹೊರಬಿದ್ದ ಸುಮಾರು 5 ನಿಮಿಷಗಳಲ್ಲಿಯೇ ಸತ್ವಗುಂದುವುದು. ಮುಸುಕಿನ ಜೋಳದ ಪರಾಗವು ತಂಪು ತೇವಗಳಿದ್ದಲ್ಲಿ ಒಂದು ದಿನದವರೆಗೆ ಬದುಕೀತು. ಬಿಸಿಲಿನ ಒಣಗಾಳಿಗೆ ಸಿಕ್ಕಿದರೆ ಅಷ್ಟು ಕಾಲ ಉಳಿಯಲಾರದು.

ಬತ್ತದ ಹೂವು ಸಾಮಾನ್ಯವಾಗಿ ಬೆಳಿಗ್ಗೆ 9 ಗಂಟೆಯಿಂದ ಮಧ್ಯಾಹ್ನದೊಳಗೆ ಅರಳುವುದು. ಆ ವೇಳೆಯಲ್ಲಿ ಉಷ್ಣತೆಯು ಒಂದು ಗಂಟೆಗಿಂತ ಹೆಚ್ಚು ಕಾಲ 35 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದರೆ ಕಾಳು ಜೊಳ್ಳಾಗುವ ಸಂಭವವುಂಟು. ಬೇರಿಗೆ ನೀರು ದೊರೆತ ಪೈರು ಎಲೆಗಳಿಂದ ಆವಿಯನ್ನು ಬಿಟ್ಟು ತನ್ನನ್ನು ತಾನೇ ತಂಪಾಗಿಸಿಕೊಳ್ಳುವುದು. ನೀರಿಲ್ಲದ ಪೈರಿಗೆ ಆ ಶಕ್ತಿಯಿಲ್ಲ. ಮುಸುಕಿನ ಜೋಳದಲ್ಲಿ ನೀರಿನ ಕೊರತೆಯಾದರೆ, ತೆನೆಯ ತುದಿಯ ರೇಷ್ಮೆಯಂಥ ಎಳೆಗಳು ಹೊರಬರುವುದು ತಡವಾಗಿ, ಅಷ್ಟರೊಳಗೆ ಸೂಲಂಗಿಯ ಪರಾಗವೆಲ್ಲ ಉದುರಿಹೋಗಿರುವುದು. ಒಂದೊಂದು ಎಳೆಗೂ ಪರಾಗ ತಗುಲಿದರಲ್ಲದೆ ಒಂದೊಂದು ಕಾಳು ಕಟ್ಟದು. ಆಮೇಲೆ ಎಷ್ಟು ನೀರು ಹರಿಸಿದರೂ, ಎಷ್ಟು ಗೊಬ್ಬರ ಹಾಕಿದರೂ ಬರಿದಾದ ತೆನೆಯು ತುಂಬಲಾರದು.

ತೆಂಡೆಯೊಡೆಯುವ ಹಂತದ ಪೈರಾದರೋ ಕೆಲವು ದಿನ ಬಾಡಿದರೂ ನೀರು ಕಂಡೊಡನೆ ಬಹುಮಟ್ಟಿಗೆ ಚೇತರಿಸಿಕೊಳ್ಳುವುದು. ಆದುದರಿಂದ ನೀರಿನ ಅಭಾವದ ಕಾಲದಲ್ಲಿ, ಗದ್ದೆಯು ಎಲ್ಲಿದೆಯೆಂಬುದನ್ನು ನೋಡದೆ, ಹೊಡೆಗಟ್ಟಿ ಹೂವಿಗೆ ಬಂದ ಪೈರಿಗೇ ಮೊದಲ ಸರದಿಯನ್ನು ಕೊಡತಕ್ಕದ್ದೆಂದು ನಮ್ಮ ಅಭಿಪ್ರಾಯ.

ಇದರಿಂದ ಪಕ್ಷಪಾತಕ್ಕೆ ಎಡೆಯಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೆ ಪರಿಹಾರವು ಕಷ್ಟವಾದುದಲ್ಲ. ಪ್ರತಿಯೊಂದು ಗದ್ದೆಯ ನಾಟಿಯ ದಿನವನ್ನೂ ಬತ್ತದ ತಳಿಯನ್ನೂ ಮೊದಲೇ ಬರೆದಿಟ್ಟು ಎಲ್ಲರಿಗೂ ತಿಳಿಯಪಡಿಸಬೇಕು. ನೀರುಗಂಟಿಯೊಡನೆ ಮೇಲಿನ ಗದ್ದೆಯವರೊಬ್ಬರೂ ಕೊನೆಯ ಗದ್ದೆಯವರೊಬ್ಬರೂ ಹೋಗಿ ಪೈರನ್ನು ನೋಡಿ ಸರದಿಯನ್ನು ಗೊತ್ತುಮಾಡಬೇಕು. ತೂಬಿನ ಸಮೀಪದಲ್ಲಿ ಹೆಚ್ಚು ಭೂಮಿಯುಳ್ಳವರು ತಾವಾಗಿ ಮುಂದೆ ಬಂದು ಈ ಏರ್ಪಾಡಿಗೆ ಒಪ್ಪಿದರೆ ಉಳಿದವರೂ ಒಪ್ಪುವರು. ಈ ವರ್ಷ ತಮ್ಮ ಸರದಿಯನ್ನು ಬಿಟ್ಟುಕೊಟ್ಟವರ ಪೈರೂ ಮುಂದೊಂದು ದಿನ ಹೂವಿಗೆ ಬರುವುದು. ಆಗ ಮೊದಲ ನೀರಿನ ಹಕ್ಕು ಅವರದೇ ಆಗಿರುವುದು.