ರಾಶಿಯ ಮೇಲಿನ ಕೈ

ಬಿಡಿಯಾಗಿ ರಾಶಿ ಹಾಕಿ ಮಾರುವ ಹಣ್ಣು ತರಕಾರಿಗಳನ್ನು ಕೊಳ್ಳುವವರು ಎಷ್ಟರ ಮಟ್ಟಿಗೆ ಮುಟ್ಟಬಹುದು, ಒತ್ತಬಹುದು, ಮುರಿದು ನೋಡಬಹುದು, ಆಯ್ದುಕೊಳ್ಳಬಹುದು ಎಂಬ ಪ್ರಶ್ನೆಯನ್ನು ಬರಿಯ ನಯನಾಜೂಕಿನ ವಿಷಯವೆಂದು ಬದಿಗೆ ಸರಿಸುವುದು ವಾಡಿಕೆ. ಸ್ವಲ್ಪ ನಿಧಾನಿಸಿ ನೋಡಿದರೆ ಅದು ನಷ್ಟದ ಹಂಚಿಕೆಗೆ ಸಂಬಂಧಿಸಿದ ಪ್ರಶ್ನೆ. ಸರಕಿನ ಒಳಗುಣ ಹೊರಗೆ ಪೂರ್ತಿ ಕಾಣುವುದಿಲ್ಲವಾದ್ದರಿಂದ ಪ್ರತಿ ವ್ಯಾಪಾರದಲ್ಲಿಯೂ ಒಂದಿಷ್ಟು ಅನಿಶ್ಚಯ ಉಳಿಯುತ್ತದೆ. ಆ ಅನಿಶ್ಚಯದ ಬೆಲೆಯನ್ನು ಮಾರುವವರು ತೆರಬೇಕೇ, ಕೊಳ್ಳುವವರು ತೆರಬೇಕೇ, ಅಥವಾ ಇನ್ನೂ ಅಂಗಡಿಯ ಮುಂದೆ ಬಂದು ನಿಲ್ಲದ ಮೂರನೆಯವರ ತಲೆಗೆ ಅದು ಹೋಗಬೇಕೇ ಎಂಬುದು ಇಲ್ಲಿ ತೀರ್ಮಾನವಾಗಬೇಕಾದ ಸಂಗತಿ. ಬೆಳೆಯುವ ಹೊಲ, ಸಗಟು ಮಾರುಕಟ್ಟೆ ಮತ್ತು ಚಿಲ್ಲರೆ ಅಂಗಡಿ ಮೂರೂ ಒಂದಕ್ಕೊಂದು ಹತ್ತಿರವಿರುವ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸೀಮೆ ಇದನ್ನು ಪರಿಶೀಲಿಸಲು ತಕ್ಕ ನೆಲವಾಗಿದೆ.

ಗುಂಡ್ಲುಪೇಟೆಯಿಂದ ಹೊರಡುವ ಒಂದು ಹೆದ್ದಾರಿ ಬಂಡೀಪುರದ ಕಾಡನ್ನು ಹಾದು ಊಟಿಗೂ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿಗೂ ಹೋಗುತ್ತವೆ. ತಾಲ್ಲೂಕಿನ ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಬರುವ ಸರಕಿನಲ್ಲಿ ದೊಡ್ಡ ಪಾಲು ಕೇರಳ ಮತ್ತು ತಮಿಳುನಾಡಿನ ಕಡೆಗೆ ಸಾಗುತ್ತದೆ. ಓಣಂ ಹತ್ತಿರವಾದಂತೆ ಈ ಬೇಡಿಕೆ ಇನ್ನಷ್ಟು ಏರುತ್ತದೆ. 2009ರಿಂದ ಬಂಡೀಪುರದ ಮೂಲಕ ಹಾಯುವ ಈ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಲಾರಿಗಳು ಹೊತ್ತಿಗೆ ಸರಿಯಾಗಿ ಕಾಡು ದಾಟಬೇಕು, ಇಲ್ಲವೇ ಬೆಳಗಿನವರೆಗೆ ಕಾಯಬೇಕು. ದೂರ ಹೋಗುವ ಮಾಲು ಗಟ್ಟಿಯಾಗಿರಬೇಕು, ಅರೆಬಲಿತಿರಬೇಕು, ಒಂದೇ ಅಳತೆಯದಾಗಿರಬೇಕು. ಹೀಗಾಗಿ ಮೊದಲ ಆಯ್ಕೆ ಲಾರಿಯದು. ಹೊಲದ ಬದುವಿನಲ್ಲಿ ಒಮ್ಮೆ, ಮಂಡಿಯಲ್ಲಿ ಇನ್ನೊಮ್ಮೆ ಆಯ್ಕೆಯಾಗಿ ಉಳಿದದ್ದರಲ್ಲಿ ಬಹಳಷ್ಟು ಸ್ಥಳೀಯ ಚಿಲ್ಲರೆ ರಾಶಿಗೆ ಬರುತ್ತದೆ. ರುಚಿಯ ದೃಷ್ಟಿಯಿಂದ ಇದೇನೂ ಕೆಟ್ಟ ಪಾಲಲ್ಲ, ಗಿಡದಲ್ಲೇ ಹಣ್ಣಾದ ಟೊಮೆಟೊ ಅಂದಿನ ಸಾರಿಗೆ ಲಾರಿಯ ಟೊಮೆಟೊಗಿಂತ ಮೇಲು. ಆದರೆ ಅದು ಹೆಚ್ಚು ಮೆತ್ತಗಿರುತ್ತದೆ, ಕೈ ತಾಗಿದರೆ ಬೇಗ ಕೆಡುತ್ತದೆ. ಬೆಳೆಯುವ ಊರಿನಲ್ಲಿ ಕೊಳ್ಳುವವರ ಅನುಮಾನಕ್ಕೆ ಕಾರಣವೂ ಇದೆ, ಅವರ ಬೆರಳಿನಿಂದಾಗುವ ಹಾನಿಯೂ ಹೆಚ್ಚಾಗಿರುತ್ತದೆ ಎಂಬ ಈ ಇಕ್ಕಟ್ಟನ್ನು ಮರೆತು ಸಭ್ಯತೆಯ ಮಾತಾಡುವುದು ಸುಲಭ.

ಕಾನೂನು ಈ ಇಕ್ಕಟ್ಟಿನ ಎರಡೂ ಬದಿಯನ್ನು ಗುರುತಿಸಿದೆ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಪ್ರಕರಣದ ಪ್ರಕಾರ ಕೊಳ್ಳುವವರು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಿಂದ ತಿಳಿಯಬೇಕಾಗಿದ್ದ ದೋಷಕ್ಕೆ ಆಮೇಲೆ ಮಾರಿದವರನ್ನು ಹೊಣೆ ಮಾಡಲಾಗದು. ಅಂದರೆ ಎಚ್ಚರದಿಂದ ನೋಡಿ ಕೊಳ್ಳುವ ಭಾರ ಬಹುಮಟ್ಟಿಗೆ ಕೊಳ್ಳುವವರ ಮೇಲಿದೆ. ಅದೇ ಕಾಯಿದೆಯ 26ನೆಯ ಪ್ರಕರಣದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಒಡೆತನ ಕೈ ಬದಲಾಗುವವರೆಗೆ ಸರಕಿನ ಅಪಾಯ ಮಾರುವವರದೇ. ಈ ಎರಡನ್ನೂ ಒಟ್ಟಿಗೆ ಓದಿದರೆ ಸಿಗುವ ಚಿತ್ರ ವಿಚಿತ್ರವಾಗಿದೆ: ಪರೀಕ್ಷಿಸುವ ಹಕ್ಕು ಒಬ್ಬರದು, ಪರೀಕ್ಷೆಯಲ್ಲಿ ಸರಕು ಹಾಳಾದರೆ ಮೊದಲಿಗೆ ನಷ್ಟ ಇನ್ನೊಬ್ಬರದು. ಇಪ್ಪತ್ತು ರೂಪಾಯಿಯ ಬದನೆಕಾಯಿಗೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲವಾದ್ದರಿಂದ, ಕಾನೂನು ತೆರೆದಿಟ್ಟ ಈ ಕಂದಕವನ್ನು ತುಂಬುವ ಕೆಲಸ ನಡವಳಿಕೆಗೆ ಬಿದ್ದಿದೆ.

ಇಲ್ಲಿ ಎರಡು ಕ್ರಿಯೆಗಳನ್ನು ಬೇರ್ಪಡಿಸದೆ ಮುಂದುವರಿಯುವಂತಿಲ್ಲ. ಒಂದು ಆಯುವುದು, ಇನ್ನೊಂದು ಕೆಡಿಸುವುದು. ಆಯುವುದರಿಂದ ರಾಶಿಯ ಒಟ್ಟು ಮೌಲ್ಯ ಕಡಿಮೆಯಾಗುವುದಿಲ್ಲ. ಒಳ್ಳೆಯದು ಒಬ್ಬರ ಚೀಲಕ್ಕೂ ಸಾಧಾರಣವಾದದ್ದು ಇನ್ನೊಬ್ಬರ ಚೀಲಕ್ಕೂ ಹೋಗುತ್ತದೆ, ಅಷ್ಟೆ. ಕೆಡಿಸುವುದರಿಂದ ಮೌಲ್ಯವೇ ನಾಶವಾಗುತ್ತದೆ ಮತ್ತು ಅದರಿಂದ ಯಾರಿಗೂ ಲಾಭವಿಲ್ಲ. ಬೆಂಡೆಕಾಯಿಯ ತುದಿ ಮುರಿದು ನೋಡುವುದು ಇದಕ್ಕೆ ಅತಿ ಪರಿಚಿತ ಉದಾಹರಣೆ. ಆ ಪರೀಕ್ಷೆ ಮೂರ್ಖತನದ್ದಲ್ಲ: ಹೂ ಬಿಟ್ಟು ಐದಾರು ದಿನಕ್ಕೆ ಕೊಯ್ಯಬೇಕಾದ ಬೆಂಡೆ ಗಿಡದಲ್ಲಿ ಇನ್ನೆರಡು ದಿನ ಉಳಿದರೂ ನಾರುಗಟ್ಟುತ್ತದೆ, ನಾರುಗಟ್ಟಿದ್ದು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಆದರೆ ತುದಿ ಮುರಿದ ಕಾಯಿ ಆ ಗಾಯದಿಂದ ತೇವ ಕಳೆದುಕೊಂಡು ಕಪ್ಪಾಗುತ್ತದೆ, ಮುರಿದವರು ಅದನ್ನು ಎಳೆಯದೆಂದು ಒಪ್ಪಿದಾಗ ಮಾತ್ರ ಕೊಳ್ಳುತ್ತಾರೆ, ಒಪ್ಪದಿದ್ದರೆ ರಾಶಿಗೆ ಮರಳಿಸುತ್ತಾರೆ. ಸೋರೆಕಾಯಿಗೆ ಉಗುರು ಚುಚ್ಚುವುದು, ನುಗ್ಗೆಕಾಯಿಯನ್ನು ತಿರುಚುವುದು, ಮುಸುಕಿನ ಜೋಳದ ಸಿಪ್ಪೆ ಬಿಚ್ಚುವುದು ಇದೇ ಜಾತಿಯವು. ಬದನೆಗೆ ಉಗುರು ತಾಗಿದ ಕಡೆ ಕಂದು ಕಲೆ ಬೇಗನೆ ಮೂಡುವುದು ಅದರ ತಿರುಳಿನ ರಸಾಯನಗಳು ಗಾಳಿಯ ಆಮ್ಲಜನಕದೊಂದಿಗೆ ಕೂಡುವುದರಿಂದ. ಇವೆಲ್ಲಕ್ಕಿಂತ ಕಪಟವಾದದ್ದು ಟೊಮೆಟೊ; ಹೆಬ್ಬೆರಳಿನಿಂದ ಅದುಮಿದ ಹಣ್ಣಿನ ಸಿಪ್ಪೆ ಆ ಕ್ಷಣಕ್ಕೆ ಸರಿಯಾಗಿಯೇ ಕಾಣುತ್ತದೆ, ಒಳಗಿನ ತಿರುಳು ಜಜ್ಜಿದ್ದು ಮರುದಿನ ಮೆತ್ತಗಾಗಿ ತಿಳಿಯುತ್ತದೆ. ಅದುಮಿದ ವ್ಯಕ್ತಿಗೆ ತನ್ನಿಂದ ಹಾನಿಯಾಯಿತೆಂಬ ಅರಿವೇ ಬರುವುದಿಲ್ಲ, ಹಾಗಾಗಿ ಆ ಅಭ್ಯಾಸವನ್ನು ತಿದ್ದುವ ಅನುಭವವೂ ಸಿಗುವುದಿಲ್ಲ.

ಈ ಹಾನಿಯ ಗಾತ್ರ ಚಿಕ್ಕದೆಂದು ಭಾವಿಸುವವರಿಗಾಗಿ ಒಂದು ಕಲ್ಪಿತ ಲೆಕ್ಕ. ಒಬ್ಬ ಬುಟ್ಟಿ ವ್ಯಾಪಾರಿ ಕಿಲೋಗೆ 20 ರೂಪಾಯಿಯಂತೆ 10 ಕಿಲೋ ಕೊಂಡು 30 ರೂಪಾಯಿಯಂತೆ ಮಾರಿದರೆ ಉಳಿಯುವುದು 100 ರೂಪಾಯಿ. ಹತ್ತರಲ್ಲಿ ಒಂದು ಕಿಲೋ ಕೆಟ್ಟು ಎಸೆಯಬೇಕಾದರೆ ಬರುವ ಹಣ 270, ಉಳಿಯುವುದು 70. ಸರಕಿನ ಹತ್ತನೆಯ ಒಂದು ಭಾಗ ಹೋದಾಗ ದುಡಿಮೆಯ ಹತ್ತನೆಯ ಮೂರು ಭಾಗ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ವ್ಯಾಪಾರಿಗೆ ಇರುವ ದಾರಿ ಬೆಲೆ ಏರಿಸುವುದು, ಇಲ್ಲವೇ ನಾಲ್ಕು ಒಳ್ಳೆಯ ಕಾಯಿಯ ಜೊತೆ ಒಂದು ಪೆಟ್ಟಾದದ್ದನ್ನು ಸೇರಿಸಿ ತಕ್ಕಡಿಗೆ ಹಾಕುವುದು. ಎರಡನೆಯದು ನಡೆಯುವುದು ಹೆಚ್ಚಾಗಿ ಸಂಜೆ, ಮತ್ತು ಸಂಜೆ ಬರುವವರಲ್ಲಿ ದಿನದ ಕೂಲಿ ಕೈಗೆ ಸಿಕ್ಕಿದ ಮೇಲೆ ಅಂದಿನ ಅಡುಗೆಗೆ ಕೊಳ್ಳುವವರು ಇರುತ್ತಾರೆ. ಸಂಜೆಯ ಬೆಲೆ ಇಳಿದಿರುತ್ತದೆ, ಅದು ಬಡವರಿಗೆ ಅನುಕೂಲವೇ ಎಂಬ ಆಕ್ಷೇಪಕ್ಕೆ ಸ್ವಲ್ಪ ಹುರುಳಿದೆ. ಆಯ್ದು ಉಳಿದ ಚಿಕ್ಕ ಕಾಯಿ ಅಗ್ಗವಾಗುವುದು ನಿಜಕ್ಕೂ ಅನುಕೂಲ. ಜಜ್ಜಿ ಉಳಿದ ಕಾಯಿ ಅಗ್ಗವಾದರೂ ಅರ್ಧ ಕೊಯ್ದು ಎಸೆಯಬೇಕಾಗುವುದರಿಂದ ಆ ಅಗ್ಗ ಲೆಕ್ಕದಲ್ಲಿ ಮಾತ್ರ ಅಗ್ಗ.

ಕೆಡಿಸದೆ ಕೇವಲ ಆಯುವುದರ ನ್ಯಾಯವೂ ಅಷ್ಟು ಸರಳವಲ್ಲ. ಒಂದೇ ಬೆಲೆಗೆ ಇಟ್ಟ ರಾಶಿಯ ಬೆಲೆ ಅದರ ಸರಾಸರಿ ಗುಣಕ್ಕೆ ಕಟ್ಟಿದ್ದು. ಮೊದಲು ಬಂದವರು ಉತ್ತಮವಾದದ್ದನ್ನೇ ಹೆಕ್ಕಿದರೆ ಅವರು ಸರಾಸರಿ ಬೆಲೆಗೆ ಮೇಲ್ದರ್ಜೆಯ ಮಾಲು ಪಡೆದಂತಾಯಿತು. ಗುಣ ತಿಳಿಯದ ಸರಕಿನ ಸಂತೆಯಲ್ಲಿ ಒಳ್ಳೆಯ ಮಾಲು ಹೇಗೆ ಹಿಂದೆ ಸರಿಯುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬಳಸಿದ ಕಾರುಗಳ ಮಾರಾಟವನ್ನು ಉದಾಹರಿಸಿ ವಿವರಿಸಿದರು. ಅಲ್ಲಿ ಮಾರುವವರಿಗೆ ಹೆಚ್ಚು ತಿಳಿದಿರುತ್ತದೆ. ತರಕಾರಿ ರಾಶಿಯಲ್ಲಿ ಇನ್ನೊಂದು ಮಜಲು ಸೇರುತ್ತದೆ, ತಾಳ್ಮೆಯಿಂದ ಹೆಕ್ಕುವ ಗಿರಾಕಿಗೆ ಆ ಹೊತ್ತಿಗೆ ವ್ಯಾಪಾರಿಗಿಂತಲೂ ಹೆಚ್ಚು ತಿಳಿಯುತ್ತದೆ. 'ಆಯ್ದರೆ ಒಂದು ರೇಟು, ಆಯದಿದ್ದರೆ ಒಂದು ರೇಟು' ಎಂದು ಅಂಗಡಿಯವರು ಹೇಳುವುದನ್ನು ಒರಟುತನವೆಂದು ಬಗೆಯುವವರಿದ್ದಾರೆ. ವಾಸ್ತವವಾಗಿ ಅದು ಅತ್ಯಂತ ಪ್ರಾಮಾಣಿಕವಾದ ಮಾತು, ಏಕೆಂದರೆ ಆಯುವುದಕ್ಕೂ ಒಂದು ಬೆಲೆಯಿದೆ ಎಂಬುದನ್ನು ಅದು ಮುಚ್ಚಿಡದೆ ಹೇಳುತ್ತದೆ. ಅಂಥ ಎರಡು ಬೆಲೆ ಹೇಳಿದ ಮೇಲೆ ಕಡಿಮೆ ಬೆಲೆಗೆ ಒಪ್ಪಿ, ತೂಗುವಾಗ ಒಂದೊಂದನ್ನೇ ತೆಗೆದು ಬದಲಿಸುವುದು ಮಾತ್ರ ಅಸಭ್ಯ.

ಮೇಲೆ ಚೆಂದದ್ದನ್ನು ಜೋಡಿಸಿ ಕೆಳಗೆ ಕೊಳೆತದ್ದನ್ನು ಇಡುವ ವ್ಯಾಪಾರಿಗಳು ಇರುವವರೆಗೆ ಕೊಳ್ಳುವವರನ್ನಷ್ಟೇ ದೂರುವುದು ಅನ್ಯಾಯ. ಅಪನಂಬಿಕೆಗೆ ಹಳೆಯ ಮದ್ದು ವರ್ತನೆ, ಅಂದರೆ ಒಬ್ಬರಲ್ಲೇ ನಿತ್ಯ ಕೊಳ್ಳುವ ರೂಢಿ. ವರ್ತನೆಯ ಗಿರಾಕಿ ಇವತ್ತಿನ ಸಾರಿಗೆ ಬೇಕು ಎಂದರೆ ಮಾರುವವರೇ ಹಣ್ಣಾದದ್ದನ್ನೂ, ಮೂರು ದಿನಕ್ಕೆ ಬೇಕು ಎಂದರೆ ಕಾಯಾಗಿರುವುದನ್ನೂ ಆರಿಸಿ ಕೊಡುತ್ತಾರೆ. ನಾಳೆ ಮತ್ತೆ ಮುಖ ನೋಡಬೇಕೆಂಬುದೇ ಅದರ ಜಾಮೀನು. ಚಾಮರಾಜನಗರದ ಪೇಟೆಯಲ್ಲಿ ನಡೆಯುವ ಈ ಏರ್ಪಾಡು ಊಟಿ ರಸ್ತೆಯ ಬದಿಯ ಅಂಗಡಿಗಳಲ್ಲಿ ಸಾಧ್ಯವಿಲ್ಲ. ಪ್ರವಾಸದ ಕಾರಿನಿಂದ ಇಳಿದವರು ಆ ಅಂಗಡಿಗೆ ಮತ್ತೆ ಬರುವುದು ಅಪರೂಪವಾದ್ದರಿಂದ ವ್ಯಾಪಾರಿಗೆ ಒಳ್ಳೆಯದನ್ನು ಕೊಡುವ ಒತ್ತಾಯವೂ ಇಲ್ಲ, ಗಿರಾಕಿಗೆ ರಾಶಿಯನ್ನು ಉಳಿಸುವ ಒತ್ತಾಯವೂ ಇಲ್ಲ. ಹೆದ್ದಾರಿಯಲ್ಲಿ ಕೈಗಳು ಹೆಚ್ಚು ಒರಟಾಗುವುದಕ್ಕೆ ನಗರದವರ ಸ್ವಭಾವ ಕಾರಣವೆಂದು ಹೇಳುವುದಕ್ಕಿಂತ ಈ ಏರ್ಪಾಡಿನ ಅಭಾವ ಕಾರಣವೆನ್ನುವುದು ಸರಿ.

ಹಾಗಾದರೆ ಯಾರೂ ಮುಟ್ಟಲೇಬಾರದು, ಮಾರುವವರೇ ಆರಿಸಿ ಕೊಡಲಿ ಎಂಬ ನಿಯಮ ಸಾಲದೇ? ಇಟಲಿಯ ಚಿಕ್ಕ ಹಣ್ಣಂಗಡಿಗಳಲ್ಲಿ ಗಿರಾಕಿ ಕೈ ಹಾಕುವುದು ರೂಢಿಯಲ್ಲ, ಅಲ್ಲಿನ ದೊಡ್ಡ ಮಳಿಗೆಗಳಲ್ಲಿ ಪ್ಲಾಸ್ಟಿಕ್ ಕೈಗವಸು ತೊಟ್ಟು ಆಯುತ್ತಾರೆ. ಆದರೆ ಕರ್ನಾಟಕದ ಸಂತೆಯಲ್ಲಿ 'ಮುಟ್ಟಬೇಡಿ' ಎಂಬ ಮಾತಿಗೆ ಬೇರೆಯೇ ಚರಿತ್ರೆಯಿದೆ. ದಲಿತರಿಗೆ ಸರಕನ್ನು ಕೈ ತಾಗದಂತೆ ಮೇಲಿನಿಂದ ಸುರಿಯುವುದು, ಅವರು ಕೊಡುವ ಹಣವನ್ನು ನೆಲದ ಮೇಲೆ ಇಡಿಸುವುದು ಬಹುಕಾಲ ನಡೆದ ಆಚರಣೆ. ಸಂವಿಧಾನದ 15ನೆಯ ವಿಧಿ ಅಂಗಡಿಗಳಿಗೆ ಪ್ರವೇಶವನ್ನು ಹೆಸರಿಸಿಯೇ ರಕ್ಷಿಸಬೇಕಾಯಿತು. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆಯಾಗಿ ಬಂದು 1976ರ ತಿದ್ದುಪಡಿಯ ಮೂಲಕ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು ಪಡೆದ ಶಾಸನ, ಅಸ್ಪೃಶ್ಯತೆಯ ಕಾರಣಕ್ಕೆ ಸರಕು ಮಾರಲು ನಿರಾಕರಿಸುವುದನ್ನು ಅಪರಾಧವೆಂದು ಸಾರಿತು. ರಾಶಿಯಿಂದ ತನಗೆ ಬೇಕಾದ ಕಾಯಿಯನ್ನು ತನ್ನ ಕೈಯಿಂದಲೇ ಎತ್ತಿಕೊಳ್ಳುವುದು, ಈ ಹಿನ್ನೆಲೆಯಲ್ಲಿ, ಸಮಾನತೆಯ ಒಂದು ಸಣ್ಣ ಕ್ರಿಯೆ. ಆದುದರಿಂದ ಮುಟ್ಟುವುದನ್ನೇ ತಪ್ಪೆನ್ನುವ ಶಿಷ್ಟಾಚಾರವನ್ನು ಇಲ್ಲಿ ಒಪ್ಪಲಾಗದು. ಗುರುತು ಉಳಿಸುವಂತೆ ಮುಟ್ಟುವುದನ್ನು ತಪ್ಪೆನ್ನಬೇಕು, ಮತ್ತು ಆ ಮಿತಿ ಕಾರಿನಿಂದ ಇಳಿದವರಿಗೂ ಕೂಲಿಯಿಂದ ಬಂದವರಿಗೂ ಒಂದೇ ಆಗಿರಬೇಕು. ಕಣ್ಣು, ಮೂಗು, ಅಂಗೈಯಲ್ಲಿ ತೂಗಿ ನೋಡುವ ಅಂದಾಜು, ತೆಂಗಿನಕಾಯಿಯನ್ನು ಅಲುಗಿಸಿ ನೀರಿನ ಸದ್ದು ಕೇಳುವುದು, ಇವು ಯಾವ ಗುರುತನ್ನೂ ಉಳಿಸುವುದಿಲ್ಲ.

ಕೊಸರಿನ ವಿಷಯ, ಅಂದರೆ ತೂಕ ಮುಗಿದ ಮೇಲೆ ಮೇಲಿಷ್ಟು ಕೇಳುವ ಪದ್ಧತಿ, ಹೆಚ್ಚು ಚರ್ಚೆಗೆ ತಕ್ಕದ್ದಲ್ಲ. ಕರಿಬೇವಿನ ಒಂದು ಎಸಳನ್ನು ವ್ಯಾಪಾರಿ ಬೆಲೆಯಲ್ಲಿ ಸೇರಿಸಿಯೇ ಇರುತ್ತಾರೆ. ಕಲ್ಲಂಗಡಿಯದು ಕಷ್ಟದ ಪ್ರಶ್ನೆ. ಬಳ್ಳಿಯಿಂದ ಕೊಯ್ದ ಮೇಲೆ ಅದು ಮಾಗುವುದಿಲ್ಲ, ಬಡಿದು ಕೇಳುವ ಸದ್ದು ಎಲ್ಲರಿಗೂ ಅರ್ಥವಾಗುವುದಿಲ್ಲ, ಹೀಗಾಗಿ ತ್ರಿಕೋನದ ತುಂಡು ಕೊಯ್ದು ಕೆಂಪು ತೋರಿಸುವ ಪದ್ಧತಿ ಬಂದಿದೆ. ಕೆಂಪಾಗಿದೆಯೆಂದು ಮಾತು ಕೊಟ್ಟು ವ್ಯಾಪಾರಿಯೇ ಕೊಯ್ದರೆ, ಹಣ್ಣು ಬಿಳಿಚಿದ್ದಾಗ ನಷ್ಟ ಅವರದು. ವ್ಯಾಪಾರಿ ಬೇಡವೆಂದರೂ ಒತ್ತಾಯಿಸಿ ಕೊಯ್ಯಿಸಿದವರು ಹಣ್ಣು ಹೇಗೇ ಇದ್ದರೂ ಕೊಳ್ಳಬೇಕು. ಬದನೆಯಲ್ಲಿ ಈ ನ್ಯಾಯವೂ ಕೈಕೊಡುತ್ತದೆ. ಕಾಯಿಕೊರಕದ ಮರಿಹುಳು ಒಳಹೊಕ್ಕ ತೂತು ತೀರ ಚಿಕ್ಕದು ಮತ್ತು ಹಿಕ್ಕೆಯಿಂದ ಮುಚ್ಚಿರುವುದರಿಂದ ಮಾರುವವರಿಗೂ ಕೊಳ್ಳುವವರಿಗೂ ಸಮಾನವಾಗಿ ಕಾಣುವುದಿಲ್ಲ, ಅದುಮಿದರೂ ತಿಳಿಯುವುದಿಲ್ಲ. ಕೊಯ್ದಾಗ ಹುಳು ಸಿಕ್ಕ ಒಂದೆರಡು ಕಾಯಿಯನ್ನು ವರ್ತನೆಯ ಗಿರಾಕಿ ಮರುದಿನ ಹೇಳಿದರೆ ವ್ಯಾಪಾರಿ ಒಂದು ಕಾಯಿ ಹೆಚ್ಚು ಹಾಕಿ ಸರಿದೂಗಿಸಬಹುದು. ಊಟಿ ರಸ್ತೆಯಲ್ಲಿ ಕೊಂಡವರಿಗೆ ಹೇಳಲು ಯಾರೂ ಇಲ್ಲ, ಆ ನಷ್ಟವನ್ನು ಅವರು ತಮ್ಮ ಲೆಕ್ಕಕ್ಕೇ ಬರೆದುಕೊಳ್ಳಬೇಕಾಗುತ್ತದೆ.