ಕೆರಿಬಿಯನ್ ರೆಸಾರ್ಟ್‌ಗೆ ಪುಟ್ಟ ಮಕ್ಕಳ ಜೊತೆ ಪ್ರವಾಸ: ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

"ಮಕ್ಕಳನ್ನು ಕರೆದುಕೊಂಡು ಕೆರಿಬಿಯನ್ ಸಮುದ್ರತೀರಕ್ಕೆ ಹೊರಟಿದ್ದೇವೆ" ಎಂದು ಫ್ಯಾಮಿಲಿ ಗ್ರೂಪ್‌ನಲ್ಲಿ ಒಂದು ಸಾಲು ಹಾಕಿ ನೋಡಿ. ಸಂಜೆಯೊಳಗೆ ನಾಲ್ಕಾರು ಫಾರ್ವರ್ಡ್‌ಗಳು ಬಂದಿರುತ್ತವೆ. ಅಲ್ಲಿನ ಹೋಟೆಲ್‌ಗಳಲ್ಲಿ ಪ್ರವಾಸಿಗರು ನಿಗೂಢವಾಗಿ ಸಾಯುತ್ತಾರೆ, ಸಮುದ್ರದಲ್ಲಿ ಶಾರ್ಕ್ ಇವೆ, ಈಜಿ ಬಂದ ಮಗು ವಾರದ ನಂತರ ನಿದ್ದೆಯಲ್ಲೇ ಮುಳುಗಿ ಸಾಯುತ್ತದೆ, ಅಲ್ಲೊಂದು ಮರದ ಕೆಳಗೆ ನಿಂತರೂ ಸಾಕು ಮೈ ಸುಡುತ್ತದೆ!

ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಅದಕ್ಕಿಂತ ಮುಖ್ಯವಾಗಿ, ಇವುಗಳ ಗಲಾಟೆಯಲ್ಲಿ ನಾವು ಮರೆತುಬಿಡುವ ಅಪಾಯ ಯಾವುದು? ಒಂದು ಊರನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಪುಂಟಾ ಕಾನಾ ಎಲ್ಲಿದೆ?

ಕ್ಯೂಬಾದ ಪೂರ್ವಕ್ಕೆ ಹಿಸ್ಪಾನಿಯೋಲ ಎಂಬ ದೊಡ್ಡ ದ್ವೀಪವಿದೆ. ಅದರ ಪಶ್ಚಿಮ ಭಾಗ ಹೈಟಿ, ಪೂರ್ವ ಭಾಗ ಡೊಮಿನಿಕನ್ ಗಣರಾಜ್ಯ. ಈ ದೇಶದ ಪೂರ್ವ ತುದಿಯಲ್ಲಿರುವ ರೆಸಾರ್ಟ್ ಊರೇ ಪುಂಟಾ ಕಾನಾ. 1960ರ ದಶಕದ ಕೊನೆಯವರೆಗೂ ಇಲ್ಲಿ ಹೆಚ್ಚಾಗಿ ಇದ್ದದ್ದು ಕಾಡು ಮತ್ತು ತೆಂಗಿನ ಸಾಲು. 1984ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಿನ ಚಿತ್ರವೇ ಬದಲಾಯಿತು. ಇಂದು ಕೆರಿಬಿಯನ್‌ನಲ್ಲಿ ಅತಿ ಹೆಚ್ಚು ಪ್ರವಾಸಿಗರು ಬಂದಿಳಿಯುವ ಜಾಗಗಳಲ್ಲಿ ಇದೂ ಒಂದು.

ಒಮ್ಮೆ ಹಣ ಕಟ್ಟಿದರೆ ಊಟ, ತಿಂಡಿ, ಈಜುಕೊಳ, ಮಕ್ಕಳ ಆಟ ಎಲ್ಲವೂ ಸೇರಿರುವ ರೆಸಾರ್ಟ್‌ಗಳು ಇಲ್ಲಿ ಸಾಲಾಗಿವೆ. ನ್ಯೂಯಾರ್ಕ್‌ನಿಂದ ಸುಮಾರು ನಾಲ್ಕು ಗಂಟೆಯ ವಿಮಾನ ಪ್ರಯಾಣ. ಹಾಗಾಗಿ ಅಮೆರಿಕ, ಕೆನಡಾದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಇಂಥ ಊರುಗಳ ಪರಿಚಯವಿದೆ.

ಹೋಟೆಲ್‌ನಲ್ಲಿ ನಿಗೂಢ ಸಾವು: ನಡೆದದ್ದೇನು?

ಈ ಫಾರ್ವರ್ಡ್‌ಗೆ ಒಂದು ಹಿನ್ನೆಲೆ ಇದೆ. 2019ರ ಮೇ ತಿಂಗಳ ಕೊನೆಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಡೊಮಿನಿಕನ್ ಗಣರಾಜ್ಯದ ದಕ್ಷಿಣ ಕರಾವಳಿಯ ರೆಸಾರ್ಟ್‌ಗಳಲ್ಲಿ ಮೂವರು ಅಮೆರಿಕನ್ನರು ತೀರಿಕೊಂಡರು. ಕೋಣೆಯ ಫ್ರಿಜ್‌ನಲ್ಲಿದ್ದ ಮದ್ಯದಲ್ಲಿ ವಿಷವಿತ್ತು ಎಂಬ ಸುದ್ದಿ ಹಬ್ಬಿತು. ಹಳೆಯ ಸಾವುಗಳೂ ಒಂದೊಂದಾಗಿ ಇದೇ ಪಟ್ಟಿಗೆ ಸೇರಿದವು. ಜನ ಟಿಕೆಟ್ ರದ್ದು ಮಾಡತೊಡಗಿದರು.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಆ ಮೂವರಿಗೆ ಸಂಬಂಧಿಸಿದ ವಿಷ ಪರೀಕ್ಷೆ ನಡೆಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಫಲಿತಾಂಶ ಹೊರಬಂತು: ಮೂವರದೂ ಸಹಜ ಸಾವು. ಸ್ಥಳೀಯ ಅಧಿಕಾರಿಗಳು ಮೊದಲೇ ಹೇಳಿದ್ದೂ ಅದನ್ನೇ. ಆದರೆ ಮೊದಲ ಸುದ್ದಿ ತಲುಪಿದಷ್ಟು ಜನರಿಗೆ ಈ ಫಲಿತಾಂಶ ತಲುಪಲಿಲ್ಲ. ಫಾರ್ವರ್ಡ್ ಇಂದಿಗೂ ಓಡಾಡುತ್ತಿದೆ.

ಇಲ್ಲಿ ಒಂದು ಸರಳ ಲೆಕ್ಕ ಮಾಡಿ. ಆ ಹೊತ್ತಿಗೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಅಮೆರಿಕನ್ನರು ಆ ದೇಶಕ್ಕೆ ಹೋಗುತ್ತಿದ್ದರು. ಒಬ್ಬೊಬ್ಬರು ಒಂದು ವಾರ ಇದ್ದರು ಎಂದುಕೊಳ್ಳಿ. ವರ್ಷಕ್ಕೆ 52 ವಾರ. ಅಂದರೆ ಯಾವುದೇ ದಿನ ನೋಡಿದರೂ ಸುಮಾರು 40 ಸಾವಿರ ಅಮೆರಿಕನ್ನರು ಅಲ್ಲಿ ಇದ್ದೇ ಇರುತ್ತಾರೆ. ಅದೊಂದು ತಾಲ್ಲೂಕು ಕೇಂದ್ರದಷ್ಟು ಜನ! ಅಷ್ಟು ಜನರಿರುವ ಊರಿನಲ್ಲಿ ಇಡೀ ವರ್ಷ ಯಾರಿಗೂ ಹೃದಯಾಘಾತ ಆಗಬಾರದು ಎಂದರೆ ಸಾಧ್ಯವೇ? ಸಾವಿನ ಸಂಖ್ಯೆಯನ್ನು ಮಾತ್ರ ಹೇಳಿ, ಎಷ್ಟು ಜನರಲ್ಲಿ ಎಂಬುದನ್ನು ಹೇಳದ ಸಂದೇಶ ಬಂದರೆ ಎಚ್ಚರ ವಹಿಸಿ.

ವಿಷಮದ್ಯ ಅಲ್ಲಿ ಜನರನ್ನು ಕೊಂದದ್ದೂ ನಿಜ. 2020ರ ಲಾಕ್‌ಡೌನ್ ಸಮಯದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರು ರೆಸಾರ್ಟ್‌ನ ಪ್ರವಾಸಿಗರಲ್ಲ, ಅಗ್ಗದ ಮದ್ಯ ಕೊಂಡ ಸ್ಥಳೀಯರು. ಆ ಸುದ್ದಿ ನಮ್ಮ ಗ್ರೂಪ್‌ಗಳಿಗೆ ಬರಲೇ ಇಲ್ಲ.

ಹಾಗಾದರೆ ಮಕ್ಕಳಿಗೆ ನಿಜವಾದ ಅಪಾಯ ಯಾವುದು?

ನೀರು. ಅದೂ ಸಮುದ್ರವಷ್ಟೇ ಅಲ್ಲ, ನೀವು ಕುರ್ಚಿ ಹಾಕಿಕೊಂಡು ಕೂತ ಈಜುಕೊಳ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣವೇ ಮುಳುಗುವಿಕೆ.

ಸಿನಿಮಾದಲ್ಲಿ ಮುಳುಗುವವರು ಕೈ ಬೀಸುತ್ತಾರೆ, "ಕಾಪಾಡಿ" ಎಂದು ಕೂಗುತ್ತಾರೆ. ನಿಜದಲ್ಲಿ ಹಾಗಾಗುವುದು ಅಪರೂಪ. ಉಸಿರಿಗೇ ಪರದಾಡುವ ಮಗುವಿಗೆ ಕೂಗಲು ಗಾಳಿ ಎಲ್ಲಿಂದ ಬರಬೇಕು? ಬಾಯಿ ನೀರಿನ ಮಟ್ಟಕ್ಕೆ ಏರುತ್ತದೆ, ಇಳಿಯುತ್ತದೆ. ಕೈಗಳು ಮೇಲೆ ಏಳುವುದಿಲ್ಲ, ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಒಂದು ನಿಮಿಷದೊಳಗೆ ಮಗು ಸದ್ದಿಲ್ಲದೆ ಮುಳುಗಬಹುದು. ಪಕ್ಕದಲ್ಲಿದ್ದವರಿಗೆ ಅದು ಆಡುತ್ತಿರುವಂತೆಯೇ ಕಾಣುತ್ತದೆ. ನೀವು ಒಂದು ಮೆಸೇಜ್ ಓದಿ ತಲೆ ಎತ್ತುವಷ್ಟು ಸಮಯ ಸಾಕು.

ದೊಡ್ಡ ಕುಟುಂಬ ಒಟ್ಟಿಗೆ ಹೋದಾಗ ಇನ್ನೊಂದು ತೊಂದರೆ. ಅಜ್ಜಿ ನೋಡುತ್ತಿದ್ದಾರೆ ಎಂದು ಅಪ್ಪ, ಅಪ್ಪ ನೋಡುತ್ತಿದ್ದಾನೆ ಎಂದು ಚಿಕ್ಕಮ್ಮ, ಹೀಗೆ ಎಲ್ಲರೂ ಇದ್ದೂ ಯಾರೂ ನೋಡುತ್ತಿರುವುದಿಲ್ಲ. ಇದಕ್ಕೆ ಸುಲಭ ಪರಿಹಾರವಿದೆ.

• 15 ನಿಮಿಷಕ್ಕೆ ಒಬ್ಬರಂತೆ ಪಾಳಿ ಹಾಕಿಕೊಳ್ಳಿ. ಪಾಳಿಯಲ್ಲಿ ಇರುವವರ ಕೈಯಲ್ಲಿ ಮೊಬೈಲ್ ಬೇಡ, ಮದ್ಯ ಬೇಡ. ಪಾಳಿ ಬದಲಾಗುವಾಗ "ಈಗ ನೀನು ನೋಡು" ಎಂದು ಬಾಯಿಬಿಟ್ಟು ಹೇಳಿ.
• ಈಜು ಬಾರದ ಮಗು ನೀರಿನಲ್ಲಿದ್ದರೆ ನೀವೂ ನೀರಿನಲ್ಲಿರಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ.
• ಗಾಳಿ ತುಂಬಿ ತೋಳಿಗೆ ಹಾಕುವ ಪಟ್ಟಿ, ರಬ್ಬರ್ ಬಳೆ, ಬಾತುಕೋಳಿ ಇವೆಲ್ಲ ಆಟಿಕೆಗಳು. ಮಗುವಿನ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಬೇರೆ.
• ಕಡಲಲ್ಲಿ ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಲೇಬೇಡಿ.

ಇನ್ನು ಶಾರ್ಕ್ ವಿಷಯ. ಇಡೀ ಜಗತ್ತಿನಲ್ಲಿ ಮನುಷ್ಯರು ಕೆಣಕದೆ ಶಾರ್ಕ್ ಕಚ್ಚಿದ ಪ್ರಕರಣಗಳು ವರ್ಷಕ್ಕೆ ಸುಮಾರು 60ರಿಂದ 70. ಬಹುಪಾಲು ಜನ ಬದುಕುತ್ತಾರೆ.

"ಒಣ ಮುಳುಗುವಿಕೆ" ಎಂಬ ಭಯ

ಈಜಿ ಬಂದ ಮಗು ಆರಾಮಾಗಿತ್ತು, ವಾರದ ನಂತರ ಇದ್ದಕ್ಕಿದ್ದಂತೆ ಸತ್ತಿತು ಎನ್ನುವ ಸಂದೇಶವನ್ನು ನೀವೂ ನೋಡಿರಬಹುದು. ವೈದ್ಯಕೀಯ ಸಂಸ್ಥೆಗಳು "ಒಣ ಮುಳುಗುವಿಕೆ" ಎಂಬ ಪದವನ್ನೇ ಬಳಸಬೇಡಿ ಎನ್ನುತ್ತವೆ. ನೀರು ಕುಡಿದ ಮೇಲೂ ದಿನಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಆರಾಮಾಗಿದ್ದ ಮಗು ಅದೇ ನೀರಿನಿಂದ ಸಾಯುವುದಿಲ್ಲ. ತೊಂದರೆ ಆಗುವುದಾದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಗೊತ್ತಾಗುತ್ತದೆ. ನೀರು ಕುಡಿದ ಮಗುವಿಗೆ ನಿಲ್ಲದ ಕೆಮ್ಮು, ಏದುಸಿರು, ಬಾಯಲ್ಲಿ ನೊರೆ ಅಥವಾ ವಿಪರೀತ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸ್ವಲ್ಪ ಕೆಮ್ಮಿ ಮತ್ತೆ ಆಟಕ್ಕೆ ಓಡಿದ ಮಗುವಿನ ಪಕ್ಕ ರಾತ್ರಿಯಿಡೀ ನಿದ್ದೆಗೆಟ್ಟು ಕೂರಬೇಕಿಲ್ಲ.

ಸುಳ್ಳು ಫಾರ್ವರ್ಡ್ ಎಂಥ ನೋವು ಕೊಡಬಲ್ಲದು ಎಂಬುದನ್ನು ನಮ್ಮಲ್ಲೇ ನೋಡಿದ್ದೇವೆ. 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಇಬ್ಬರು ಬಾಲಕರ ದೇಹಗಳನ್ನು ಉಪ್ಪಿನ ರಾಶಿಯಲ್ಲಿ ಇಡಲಾಯಿತು. ಉಪ್ಪಿನಲ್ಲಿಟ್ಟರೆ ಜೀವ ಮರಳುತ್ತದೆ ಎಂಬ ಸಾಮಾಜಿಕ ಜಾಲತಾಣದ ಮಾತನ್ನು ನಂಬಿ ಮನೆಯವರು ಗಂಟೆಗಟ್ಟಲೆ ಕಾದರು. ಮಕ್ಕಳು ಏಳಲಿಲ್ಲ. ತಪ್ಪು ಆ ಹೆತ್ತವರದ್ದಲ್ಲ. ಪರೀಕ್ಷಿಸದೆ ಕಳಿಸಿದ ಪ್ರತಿಯೊಬ್ಬರಿಗೂ ಅದರಲ್ಲಿ ಪಾಲಿದೆ.

ಉಪ್ಪು ಜೀವ ಕೊಡುವುದಿಲ್ಲ. ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಇವೂ ಸಮಯ ಹಾಳು. ನೀರಿನಿಂದ ಎತ್ತಿದ ಮಗು ಉಸಿರಾಡದಿದ್ದರೆ ಮೊದಲು ಬೇಕಾದದ್ದು ಉಸಿರು. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ನಂತರ ಎದೆಯನ್ನು 30 ಬಾರಿ ಒತ್ತಿ 2 ಉಸಿರು, ಮತ್ತೆ 30 ಒತ್ತು, 2 ಉಸಿರು, ಸಹಾಯ ಬರುವವರೆಗೂ. ಇನ್ನೊಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಲಿ. ಡೊಮಿನಿಕನ್ ಗಣರಾಜ್ಯದಲ್ಲಿ 911, ನಮ್ಮಲ್ಲಿ 112 ಅಥವಾ 108. ಹೊರಡುವ ಮುನ್ನ ಮನೆಯ ಒಬ್ಬರಾದರೂ ಸಿಪಿಆರ್ ತರಬೇತಿ ಪಡೆದರೆ ಒಳ್ಳೆಯದು.

ವಿಮಾನ ನಿಲ್ದಾಣದಿಂದ ಹೋಟೆಲ್‌ವರೆಗೆ

ಯಾವ ಫಾರ್ವರ್ಡ್‌ನಲ್ಲೂ ಕಾಣದ ಇನ್ನೊಂದು ಅಪಾಯ ರಸ್ತೆ. ವಿಶ್ವ ಆರೋಗ್ಯ ಸಂಸ್ಥೆಯ ವರದಿಗಳಲ್ಲಿ ರಸ್ತೆ ಸಾವಿನ ಪ್ರಮಾಣ ಅತಿ ಹೆಚ್ಚಿರುವ ದೇಶಗಳ ಸಾಲಿನಲ್ಲಿ ಡೊಮಿನಿಕನ್ ಗಣರಾಜ್ಯವೂ ಇದೆ. ಮನೆಯಲ್ಲಿದ್ದಾಗ ಮಗುವನ್ನು ಕಾರ್ ಸೀಟ್‌ನಲ್ಲಿ ಕೂರಿಸದೆ ಗಾಡಿ ತೆಗೆಯದವರೂ ಇಲ್ಲಿ ಬಂದಿಳಿದ ತಕ್ಷಣ "ಅರ್ಧ ಗಂಟೆ ತಾನೇ" ಎಂದು ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ. ಡಿಕ್ಕಿಯಾದಾಗ ಎಷ್ಟು ಗಟ್ಟಿಯಾಗಿ ತಬ್ಬಿಕೊಂಡಿದ್ದರೂ ಮಗು ಕೈಯಿಂದ ಜಾರಿಹೋಗುತ್ತದೆ. ಕಾರ್ ಸೀಟನ್ನು ಜೊತೆಗೆ ಒಯ್ಯಿರಿ, ಇಲ್ಲವೇ ಗಾಡಿ ಗೊತ್ತುಮಾಡುವಾಗಲೇ ಕೇಳಿ ಪಡೆಯಿರಿ.

ಬಿಸಿಲು, ಸೊಳ್ಳೆ, ಹೊಟ್ಟೆ

"ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ, ಕೊಬ್ಬರಿ ಎಣ್ಣೆ ಸಾಕು" ಎನ್ನುವುದು ಅರ್ಧ ಸತ್ಯ. ಕಪ್ಪು ಚರ್ಮಕ್ಕೆ ಸ್ವಲ್ಪ ಹೆಚ್ಚು ರಕ್ಷಣೆ ಇರುವುದು ನಿಜ. ಆದರೆ ಅದೂ ಸುಡುತ್ತದೆ, ಮಕ್ಕಳ ಚರ್ಮ ಬೇಗ ಸುಡುತ್ತದೆ. ಕೊಬ್ಬರಿ ಎಣ್ಣೆ ತಡೆಯುವ ನೇರಳಾತೀತ ಕಿರಣ ತೀರಾ ಕಡಿಮೆ. ಆರು ತಿಂಗಳೊಳಗಿನ ಶಿಶುವನ್ನು ನೆರಳಲ್ಲೇ ಇಡಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ತೋಳು ಮುಚ್ಚುವ ಬಟ್ಟೆ, ಟೋಪಿ, ಜೊತೆಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಬೇಕು. ಎರಡು ಗಂಟೆಗೊಮ್ಮೆ, ನೀರಿನಿಂದ ಬಂದಾಗಲೆಲ್ಲ ಮತ್ತೆ ಹಚ್ಚಿ.

ಡೆಂಗಿ ಅಲ್ಲೂ ಇದೆ. ಅದನ್ನು ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಎರಡು ತಿಂಗಳೊಳಗಿನ ಶಿಶುವಿಗೆ ಸೊಳ್ಳೆ ಓಡಿಸುವ ಔಷಧ ಹಚ್ಚಬೇಡಿ, ಪರದೆ ಬಳಸಿ. ಅಲ್ಲಿ ಅಥವಾ ವಾಪಸ್ ಬಂದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಪ್ರವಾಸದ ವಿಷಯ ಹೇಳಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ. ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ವಯಸ್ಸು, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಬಹುದು.

ನಲ್ಲಿ ನೀರನ್ನು ಕುಡಿಸಬೇಡಿ. ಅಲ್ಲಿನವರೇ ಕುಡಿಯಲು ದೊಡ್ಡ ಕ್ಯಾನ್ ನೀರು ಕೊಳ್ಳುತ್ತಾರೆ. ಹಲ್ಲುಜ್ಜಲು, ಹಾಲಿನ ಪುಡಿ ಕಲಸಲು ಕೂಡ ಬಾಟಲಿ ನೀರೇ ಇರಲಿ. ಭೇದಿಯಾದರೆ ಎಳನೀರು ಕೊಡಬಹುದು, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಓಆರ್‌ಎಸ್ ಪೊಟ್ಟಣಕ್ಕೆ ಅದು ಬದಲಿಯಲ್ಲ. ನಾಲ್ಕು ಪೊಟ್ಟಣ ಊರಿಂದಲೇ ಒಯ್ಯಿರಿ.

ಮರದ ಫಾರ್ವರ್ಡ್ ಮಾತ್ರ ನಿಜ!

ಎಲ್ಲಕ್ಕಿಂತ ಸುಳ್ಳು ಎನಿಸುವ ಸಂದೇಶವೇ ನಿಜ. ಮ್ಯಾಂಚಿನೀಲ್ ಎಂಬ ಮರ ಕೆರಿಬಿಯನ್ ಕಡಲತೀರಗಳಲ್ಲಿ ಸಹಜವಾಗಿ ಬೆಳೆಯುತ್ತದೆ. ಎಕ್ಕದ ಗಿಡದಂತೆ ಇದರಲ್ಲೂ ಹಾಲಿನಂಥ ಸೊನೆ ಇದೆ, ಆದರೆ ಅದಕ್ಕಿಂತ ಎಷ್ಟೋ ಪಟ್ಟು ತೀವ್ರ. ಮಳೆಯಲ್ಲಿ ಇದರ ಕೆಳಗೆ ನಿಂತರೆ ಎಲೆಗಳಿಂದ ತೊಟ್ಟಿಕ್ಕುವ ನೀರೂ ಚರ್ಮದ ಮೇಲೆ ಬೊಬ್ಬೆ ಏಳಿಸುತ್ತದೆ. ಹಣ್ಣು ಪುಟ್ಟ ಹಸಿರು ಸೇಬಿನಂತಿದ್ದು ಸಿಹಿವಾಸನೆ ಇರುತ್ತದೆ, ತಿಂದರೆ ಗಂಟಲು ಸುಟ್ಟು ಊದಿಕೊಳ್ಳುತ್ತದೆ. ಕೆಲವು ಕಡೆ ಮರಕ್ಕೆ ಕೆಂಪು ಬಣ್ಣ ಬಳಿದು ಎಚ್ಚರಿಸುತ್ತಾರೆ. ಜನ ಹೆಚ್ಚು ಓಡಾಡದ ತೀರಗಳಲ್ಲಿ ಎಚ್ಚರ ಬೇಕು. ಮರಳಲ್ಲಿ ಬಿದ್ದ ಯಾವ ಹಣ್ಣನ್ನೂ ಬಾಯಿಗೆ ಹಾಕಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿ.

ಹಾಗಾಗಿ ಓದಿದಾಗ ವಿಚಿತ್ರ ಎನಿಸುವುದೆಲ್ಲ ಸುಳ್ಳಲ್ಲ, ನಂಬುವಂತಿರುವುದೆಲ್ಲ ನಿಜವಲ್ಲ.

ಮುಂದೆ ಕಳಿಸುವ ಮುನ್ನ

ಪ್ರವಾಸ ಹೊರಟವರಿಗೆ ಸಂದೇಶ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ವರ್ಷದ್ದು? ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಹೀಗಾಯಿತು? ಆಮೇಲೆ ತನಿಖೆಯಲ್ಲಿ ಏನು ಗೊತ್ತಾಯಿತು? ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ.

ಏನಾದರೂ ಕಳಿಸಲೇಬೇಕು ಎನಿಸಿದರೆ ಇದನ್ನು ಕಳಿಸಿ: "ಮಗು ನೀರಿನಲ್ಲಿರುವಾಗ ಮೊಬೈಲ್ ಕೆಳಗಿಡಿ." ಈ ಮಾತು ಪುಂಟಾ ಕಾನಾಕ್ಕೂ ಹೊಂದುತ್ತದೆ, ಗೋಕರ್ಣಕ್ಕೂ ಹೊಂದುತ್ತದೆ, ಊರಿನ ಕೃಷಿಹೊಂಡಕ್ಕೂ ಹೊಂದುತ್ತದೆ.